ಬೆಕ್ಕು ಹೊತ್ತು ಬಂದ ಅಪರಿಚಿತ

ಎನ್‌ಬಿಸಿ ವಾಹಿನಿ ಶುಕ್ರವಾರ ರಾತ್ರಿ ಹತ್ತರ ವೇಳೆ ಕೊಟ್ಟು ‘ಸ್ಟಾರ್ ಟ್ರೆಕ್’ನ ಮೂರನೆಯ ಸೀಸನ್ನಿನ ಕತ್ತು ಹಿಸುಕಿದ ಕಥೆಯನ್ನು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕುತ್ತಿದ್ದೇನೆ. ‘ಡಾಕ್ಟರ್ ಹೂ’ ಪಕ್ಷದವರು ತಮ್ಮ ಹಳೆಯ ಆರೋಪವನ್ನು ಮತ್ತೆ ಎತ್ತಿದ್ದಾರೆ. ಉತ್ತರ ಕೊಡದೆ ಬಿಟ್ಟರೆ ಅದೇ ನಿಜವೆಂದು ಉಳಿದುಬಿಡುತ್ತದೆ.

‘ಸ್ಟಾರ್ ಟ್ರೆಕ್’ನ ಒಂದು ಕಂತಿನಲ್ಲಿ ಬರುವ ಗ್ಯಾರಿ ಸೆವೆನ್ ಅವರ ನಾಯಕ ಡಾಕ್ಟರನ ನಕಲು ಎಂಬುದು ಆರೋಪ. ಬೇರೆ ಲೋಕದಿಂದ ಬಂದವನು, ಬಂದೂಕಿಗಿಂತ ಬುದ್ಧಿಯನ್ನು ನಂಬುವವನು, ಜೊತೆಗೆ ಭೂಮಿಯ ಒಬ್ಬ ಚೂಟಿ ಹುಡುಗಿ, ಜೇಬಿನಲ್ಲಿ ಹತ್ತು ಕೆಲಸಕ್ಕೆ ಒದಗುವ ಪೆನ್ನಿನಂಥ ಸಲಕರಣೆ. ಹೋಲಿಕೆ ಇದೆ, ಒಪ್ಪುತ್ತೇನೆ. ಆದರೆ ತಾರೀಖುಗಳನ್ನು ನೋಡಿ. ಡಾಕ್ಟರನ ಸಾನಿಕ್ ಸ್ಕ್ರೂಡ್ರೈವರ್ ಬಿಬಿಸಿಯಲ್ಲಿ ಮೊದಲು ಕಾಣಿಸಿಕೊಂಡದ್ದು 1968ರ ಮಾರ್ಚ್ 16ರಂದು, ‘ಫ್ಯೂರಿ ಫ್ರಮ್ ದಿ ಡೀಪ್’ ಕಥೆಯಲ್ಲಿ. ಸೆವೆನ್ ಬರುವ ‘ಅಸೈನ್‌ಮೆಂಟ್: ಅರ್ತ್’ ಪ್ರಸಾರವಾದದ್ದು ಅದೇ ತಿಂಗಳ 29ರಂದು, ಚಿತ್ರೀಕರಣವಾದದ್ದು ಜನವರಿಯಲ್ಲಿ. ಜೀನ್ ರಾಡನ್‌ಬೆರಿ ಈ ಪಾತ್ರವನ್ನು ಮೊದಲು ಬರೆದದ್ದು 1966ರಲ್ಲಿ. ಅಮೆರಿಕದ ಟಿವಿಗೆ ‘ಡಾಕ್ಟರ್ ಹೂ’ ಕಾಲಿಟ್ಟದ್ದು 1972ರಲ್ಲಿ. ಒಂದೇ ಕಾಲದ ಗಾಳಿ ಎರಡೂ ಕಡೆ ಬೀಸಿತು ಅನ್ನಿ, ನನ್ನ ತಕರಾರಿಲ್ಲ. ಕಳವು ಅನ್ನಬೇಡಿ.

ಇಷ್ಟು ಹೇಳಿ ಮುಗಿಸಬೇಕೆಂದು ಆ ಕಂತನ್ನು ಮತ್ತೆ ಹಾಕಿಕೊಂಡು ಕೂತೆ. ನೋಡುತ್ತಾ ಹೋದಂತೆ ಈ ಜಗಳಕ್ಕಿಂತ ದೊಡ್ಡ ಪ್ರಶ್ನೆ ಎದುರಾಯಿತು. ಈ ಕಂತು ಮುಂದೆ ಸೆವೆನ್‌ನದೇ ಧಾರಾವಾಹಿಯಾಗದೆ ಹೋದದ್ದು ನಷ್ಟವೆಂದು ನಾವೆಲ್ಲ ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇವಲ್ಲ, ಅದು ನಿಜವೇ?

1966ರ ಬರಹ ಅರ್ಧ ಗಂಟೆಯ ಬೇರೆಯದೇ ಧಾರಾವಾಹಿಗಾಗಿ ಬರೆದದ್ದು. ಅದರಲ್ಲಿ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಇಲ್ಲ, ಅವನ ಜೊತೆಗಾರ ಸ್ಪಾಕ್ ಇಲ್ಲ, ಅವರ ನೌಕೆ ಎಂಟರ್‌ಪ್ರೈಸ್ ಇಲ್ಲ. ಸೆವೆನ್ 24ನೆಯ ಶತಮಾನದಿಂದ ಹಿಂದಕ್ಕೆ ಬಂದ ಮನುಷ್ಯ; ರೂಪ ಬದಲಿಸುವ ಒಮೆಗನ್ನರು ಅವನ ಶತ್ರುಗಳು. ಅದು ಯಾರಿಗೂ ಬೇಕಾಗಲಿಲ್ಲ. ಆಮೇಲೆ ರಾಡನ್‌ಬೆರಿ ಆರ್ಟ್ ವಾಲೆಸ್ ಜೊತೆ ಸೇರಿ ಅದನ್ನು ‘ಸ್ಟಾರ್ ಟ್ರೆಕ್’ನ ಎರಡನೆಯ ಸೀಸನ್ನಿನ ಕೊನೆಯ ಕಂತಾಗಿ ತಿದ್ದಿದರು. ಆ ತಿದ್ದುಪಡಿಯಲ್ಲಿ ಒಮೆಗನ್ನರು ಹೋದದ್ದೇ ದೊಡ್ಡ ಲಾಭ. ಅವರ ಜಾಗಕ್ಕೆ 1968ರ ಮನುಷ್ಯರೂ ಅವರ ಅಣ್ವಸ್ತ್ರವೂ ಬಂದವು.

ಅಮೆರಿಕ ಅಣ್ವಸ್ತ್ರ ಹೊತ್ತ ವೇದಿಕೆಯೊಂದನ್ನು ಭೂಕಕ್ಷೆಗೆ ಹಾರಿಸಲಿದೆ, ಸೆವೆನ್ ಅದನ್ನು ಕೆಡಿಸಬೇಕು. ಬಾಹ್ಯಾಕಾಶ ಒಪ್ಪಂದ 1967ರ ಅಕ್ಟೋಬರ್ 10ರಂದು ಜಾರಿಗೆ ಬಂದು, ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ನಿಷೇಧಿಸಿತ್ತು. ಹಾಗಾದರೆ ಈ ಕಥೆ ಪ್ರಸಾರಕ್ಕೆ ಮೊದಲೇ ಹಳತಾಗಿತ್ತೆಂದು ಕೆಲವರು ಬರೆಯುತ್ತಾರೆ. ಒಪ್ಪಂದ ಜಾರಿಯಾದ ಮರುತಿಂಗಳೇ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ, ಕಕ್ಷೆಯ ಒಂದು ಭಾಗ ಸುತ್ತಿ ಬಂದು ಬೀಳುವ ಬಾಂಬಿನ ವ್ಯವಸ್ಥೆಯನ್ನು ಸೋವಿಯತ್ ಒಕ್ಕೂಟ ಸಿದ್ಧಪಡಿಸುತ್ತಿರಬಹುದೆಂದು ಬಹಿರಂಗವಾಗಿ ಹೇಳಿದ್ದನ್ನು ಅವರು ಮರೆಯುತ್ತಾರೆ. ಕಾಗದದ ಮೇಲೆ ಸಹಿ ಬಿದ್ದಿತ್ತು, ಆಕಾಶದ ಭಯ ಹೋಗಿರಲಿಲ್ಲ. ತೆರೆಯ ಮೇಲೆ ಆ ವಿನಾಶದ ವಾಹನವಾಗಿ ಕಾಣುವುದು ಅಪೊಲೊ 4ರ ಸ್ಯಾಟರ್ನ್ 5, ಚಂದ್ರನಲ್ಲಿಗೆ ಹೋಗಲೆಂದೇ ಕಟ್ಟಿದ ರಾಕೆಟ್ಟು. ನಾಸಾದ ಅದೇ ಚಿತ್ರಸುರುಳಿ, ಅದೇ ಬೆಂಕಿ. ತುದಿಯಲ್ಲಿ ಬಾಂಬಿದೆ ಎಂದು ಹೇಳಿದೊಡನೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಆ ದಿನ ಒಂದು ಮುಖ್ಯ ಹತ್ಯೆಯೂ ನಡೆಯಲಿದೆ ಎಂದು ಸ್ಪಾಕ್ ಹೇಳುತ್ತಾನೆ. ಕಂತು ಪ್ರಸಾರವಾದ ಆರನೆಯ ದಿನ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು.

ಹೊಸ ಧಾರಾವಾಹಿಯ ಮಾದರಿಯನ್ನು ಹಳೆಯದರ ಒಂದು ಕಂತಾಗಿ ತೋರಿಸುವ ಇಂಥ ಬ್ಯಾಕ್‌ಡೋರ್ ಪೈಲಟ್‌ಗಳಿಗೆ ಹುಟ್ಟಿನಿಂದಲೇ ಒಂದು ದೋಷ ಅಂಟಿರುತ್ತದೆ. ಬಂದ ನೆಂಟನನ್ನು ನಡುಮನೆಯಲ್ಲಿ ಕೂರಿಸಿ ಮನೆಯವರು ಜಗಲಿಗೆ ಬಂದು ನಿಲ್ಲಬೇಕಾಗುತ್ತದೆ. ಇಲ್ಲೂ ಕರ್ಕ್ ಮತ್ತು ಸ್ಪಾಕ್ ರಾಕೆಟ್ ನೆಲೆಯ ಕಾವಲುಗಾರರ ಕೈಗೆ ಸಿಕ್ಕಿ ಸುಮ್ಮನೆ ನಿಂತಿರುವ ದೃಶ್ಯಗಳು ಬೇಸರ ತರಿಸುತ್ತವೆ. ಕಂತಿನ ಉಳಿದ ಭಾಗವನ್ನು ಹೊತ್ತವರು ಸೆವೆನ್ ಆಗಿ ರಾಬರ್ಟ್ ಲ್ಯಾನ್ಸಿಂಗ್ ಮತ್ತು ಅವನ ಜೊತೆಯ ಹುಡುಗಿ ರಾಬರ್ಟಾ ಲಿಂಕನ್ ಆಗಿ ಟೆರಿ ಗಾರ್. ಗಾರ್ ಅವರ ಗಾಬರಿ, ತಡವರಿಕೆ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವ ವೇಗ, ಎಲ್ಲ ಇಲ್ಲೇ ಇದೆ. 1974ರ ‘ಯಂಗ್ ಫ್ರಾಂಕನ್‌ಸ್ಟೈನ್’, ಆಸ್ಕರ್ ನಾಮನಿರ್ದೇಶನ ತಂದ 1982ರ ‘ಟೂಟ್ಸಿ’ ನೋಡಿ ಅವರನ್ನು ಮೆಚ್ಚಿದವರು ಹಿಂದಕ್ಕೆ ಹೋಗಿ ರಾಬರ್ಟಾ ಲಿಂಕನ್ನಳನ್ನು ನೋಡಲೇಬೇಕು.

ಈಗ ಕೊನೆಯ ಹತ್ತು ನಿಮಿಷಕ್ಕೆ ಬರುತ್ತೇನೆ. ಇದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಸೆವೆನ್ ಯಾರೆಂದು ಕರ್ಕ್‌ಗೆ ಗೊತ್ತಿಲ್ಲ. ಯಾವುದೋ ಗುಪ್ತ ಗ್ರಹದಲ್ಲಿ ಬೆಳೆದ ಮನುಷ್ಯ ತಾನು, ಭೂಮಿಯನ್ನು ಉಳಿಸಲು ಬಂದಿದ್ದೇನೆ ಎಂದು ಅವನು ಹೇಳುತ್ತಾನೆ, ಕೈಯಲ್ಲಿ ಕಪ್ಪು ಬೆಕ್ಕು ಹಿಡಿದು. ಪುರಾವೆ ಏನೂ ಇಲ್ಲ. ಮೇಲಾಗಿ ಅವನ ಒಂದೊಂದು ಕೆಲಸವೂ ಖಳನ ಕೆಲಸದಂತೆಯೇ ಇದೆ. ಸೆರೆಯಿಂದ ತಪ್ಪಿಸಿಕೊಂಡ, ರಾಕೆಟ್ಟಿನ ತಂತಿಗಳಿಗೆ ಕೈ ಹಾಕಿದ, ದಾರಿ ತಪ್ಪಿಸಿದ, ಸಾಲದ್ದಕ್ಕೆ ಸಿಡಿತಲೆಯನ್ನು ಸಿಡಿಯಲು ಸಜ್ಜು ಮಾಡಿದ. ಅದು ಭೂಮಿಯತ್ತ ಇಳಿಯುತ್ತಿರುವಾಗ, ನನಗೆ ಕೆಲಸ ಮುಗಿಸಲು ಬಿಡು, ಕಡೆಯ ಗಳಿಗೆಯಲ್ಲಿ ಮೇಲೆಯೇ ಸಿಡಿಸುತ್ತೇನೆ, ಜಗತ್ತು ಬೆಚ್ಚಿಬಿದ್ದು ಬುದ್ಧಿ ಕಲಿಯಲಿ ಎಂದು ಕೇಳುತ್ತಾನೆ. ಕರ್ಕ್ ಸ್ಪಾಕ್‌ನತ್ತ ತಿರುಗುತ್ತಾನೆ. ಸಂಗತಿಗಳೇ ಇಲ್ಲದ ಕಡೆ ತರ್ಕ ಕೆಲಸ ಮಾಡುವುದಿಲ್ಲ, ನಿನ್ನ ಮನುಷ್ಯಸಹಜ ಒಳಅರಿವನ್ನೇ ನಂಬಬೇಕು ಎಂದು ಸ್ಪಾಕ್ ಹಿಂದೆ ಸರಿಯುತ್ತಾನೆ. ಮೂರು ಸೀಸನ್ನಿನ 79 ಕಂತುಗಳಲ್ಲಿ ಸ್ಪಾಕ್ ಹೀಗೆ ಕೈಬಿಟ್ಟ ಗಳಿಗೆಗಳು ಬಹಳ ಇಲ್ಲ. ಕರ್ಕ್ ಒಬ್ಬನೇ ನಿಲ್ಲುತ್ತಾನೆ, ಆಮೇಲೆ ಬಿಡುತ್ತಾನೆ. ಸಿಡಿತಲೆ 104 ಮೈಲಿ ಎತ್ತರದಲ್ಲಿ ಸಿಡಿಯುತ್ತದೆ.

ಈ ಕಂತಿನ ಜೀವ ಇರುವುದು ಆ ಅನುಮಾನದಲ್ಲಿ. ಸೆವೆನ್‌ನನ್ನು ನಾವು ನೋಡುವುದು ಕರ್ಕ್‌ನ ಕಣ್ಣಿನಿಂದ, ಅವನಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ. ಎನ್‌ಬಿಸಿ ಒಪ್ಪಿ ಮುಂದಿನ ವರ್ಷವೇ ಧಾರಾವಾಹಿ ಶುರುವಾಗಿದ್ದರೆ? ಎರಡನೆಯ ವಾರದಿಂದಲೇ ಸೆವೆನ್ ಒಳ್ಳೆಯವನೆಂದು ಎಲ್ಲರಿಗೂ ಗೊತ್ತು. ಕರ್ಕ್ ಇಲ್ಲ, ಅನುಮಾನಿಸುವವರಿಲ್ಲ. ಉಳಿಯುವುದು ವಾರಕ್ಕೊಂದು ಅಪಾಯ, ವಾರಕ್ಕೊಂದು ಪಾರು. ಆ ಕಾಲದ ಗೂಢಚಾರ ಧಾರಾವಾಹಿಗಳ ಸಾಲಿಗೆ ಇನ್ನೊಂದು. ವಾಹಿನಿ ಬೇಡವೆಂದದ್ದಕ್ಕೆ ಕಾರಣ ಏನೇ ಇರಲಿ, ಈ ಕಂತು ಕೆಡದೆ ಉಳಿದದ್ದು ಅದರಿಂದಲೇ ಎಂದು ಈಗ ನನಗೆ ಅನ್ನಿಸುತ್ತಿದೆ. ಅಭಿಮಾನಿಗಳ ಪತ್ರಗಳ ಹೊಳೆಗೆ ಮಣಿದು ಎನ್‌ಬಿಸಿ 1968ರ ಮಾರ್ಚ್ 1ರಂದು ಮೂಲ ಧಾರಾವಾಹಿ ಮುಂದುವರಿಯುವುದೆಂದು ತೆರೆಯ ಮೇಲೆಯೇ ಸಾರಿತ್ತು. ಅದೂ 1969ರ ಜೂನ್ 3ಕ್ಕೆ ಮುಗಿಯಿತು.

ಖಾಲಿ ಬಿಟ್ಟ ಜಾಗವನ್ನೆಲ್ಲ ತುಂಬಲೇಬೇಕು ಎನ್ನುವವರ ಜೊತೆ ನನ್ನ ವ್ಯಾಜ್ಯ ಇಲ್ಲೇ. ಗ್ರೆಗ್ ಕಾಕ್ಸ್ 2001ರಿಂದ ಬರೆದ ‘ಯುಜೆನಿಕ್ಸ್ ವಾರ್ಸ್’ ಕಾದಂಬರಿಗಳಲ್ಲಿ ಸೆವೆನ್ ರಾಜಸ್ಥಾನದ ಮರುಭೂಮಿಯವರೆಗೂ ಬಂದು ಮುಂದೆ ‘ಸ್ಟಾರ್ ಟ್ರೆಕ್’ನ ಖಳನಾಗುವ ಬಾಲಕ ಖಾನ್‌ನನ್ನು ಎದುರುಗೊಳ್ಳುತ್ತಾನೆ. ಓದಲು ರಂಜಕ, ನಮ್ಮವರಿಗಂತೂ ಇನ್ನಷ್ಟು. ಜಾನ್ ಬರ್ನ್ 2008ರಲ್ಲಿ ಐದು ಸಂಚಿಕೆಗಳ ಕಾಮಿಕ್ಸ್ ತಂದರು, ಕುಂಚ ಚೆನ್ನಾಗಿದೆ. ನಾನು ಒಪ್ಪದಿರುವುದು 2022ರ ‘ಸ್ಟಾರ್ ಟ್ರೆಕ್: ಪಿಕಾರ್ಡ್’ ಎರಡನೆಯ ಸೀಸನ್ನನ್ನು. ಸೆವೆನ್‌ನಂಥವರನ್ನು ಕಳಿಸುವವರು ಯಾರೆಂದು ಅದು ಬಿಡಿಸಿ ಹೇಳಿಬಿಟ್ಟಿತು. ಕರ್ಕ್ ತಿಳಿಯದೆಯೇ ನಂಬಿದ್ದನ್ನು ಐವತ್ತನಾಲ್ಕು ವರ್ಷದ ಮೇಲೆ ನಮಗೆ ರುಜುವಾತು ಮಾಡಿ ತೋರಿಸುವ ಅಗತ್ಯ ಏನಿತ್ತು?

ಗ್ಯಾರಿ ಸೆವೆನ್ ಮುಂದುವರಿದಿದ್ದರೆ ಹೇಗಿರುತ್ತಿದ್ದ ಎಂದು ಕೇಳುವವರಿಗೆ ನಾನು ಹೇಳುವುದು 1985ರಿಂದ 89ರವರೆಗೆ ಬಂದ ‘ದಿ ಈಕ್ವಲೈಜರ್’ ನೋಡಿ ಎಂದು. ಅದರ ನಾಯಕ ಎಡ್ವರ್ಡ್ ವುಡ್‌ವರ್ಡ್. ಲ್ಯಾನ್ಸಿಂಗ್ ಅಲ್ಲಿ ‘ಕಂಟ್ರೋಲ್’ ಎಂಬ ಗೂಢಚರ್ಯೆಯ ಮೇಲಧಿಕಾರಿ. ಬಿಟ್ಟು ಬಿಟ್ಟು ಬರುತ್ತಾರೆ, ಅದೇ ತಣ್ಣನೆಯ ಮುಖ, ಅದೇ ಗಡಸು ದನಿ. ಹಳೆಯ ಗೆಳೆಯನಿಗೆ ಸಹಾಯಕ್ಕೆ ಬಂದರೋ, ತಮ್ಮ ಕೆಲಸಕ್ಕೆ ಬಳಸಿಕೊಳ್ಳಲು ಬಂದರೋ ತಿಳಿಯುವುದಿಲ್ಲ. ನಾಯಕನ ಪಾತ್ರ ಕೊಟ್ಟಿದ್ದರೆ ಲ್ಯಾನ್ಸಿಂಗ್ ಅವರಿಂದ ಆ ಅನುಮಾನ ಉಳಿಸುವುದು ಆಗುತ್ತಿರಲಿಲ್ಲ.