ಒಂದು ವಿಳಾಸ, ಎರಡು ರೂಟರ್

1949ರಲ್ಲಿ ಶುರುವಾದ ರಾತ್ರಿ ವಿಮಾನ ಅಂಚೆಗೆ ನಾಗಪುರವೇ ಕೂಡುನಿಲ್ದಾಣವಾಗಿತ್ತು. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸಿನಿಂದ ಹೊರಟ ವಿಮಾನಗಳು ನಡುರಾತ್ರಿ ಅಲ್ಲಿಳಿದು, ಚೀಲ ಅದಲುಬದಲು ಮಾಡಿಕೊಂಡು ಮರಳುತ್ತಿದ್ದವು. ರೂಟರ್ ಮಾಡುವುದೂ ಇದೇ ಕೆಲಸ. ಕೂಡುವ ಜಾಗ ಕೈಕೊಟ್ಟರೆ ಎಲ್ಲ ದಿಕ್ಕಿಗೂ ಪೆಟ್ಟು. ಈಗ ನಾಗಪುರದ ಒಂದು ಕಚೇರಿಗೆ ಎರಡು ರೂಟರ್ ತಂದಿದ್ದೇವೆ ಎಂದುಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ಅದರ ಹೊಣೆ ಹೊರುವಂತೆ ಮಾಡುವ ನಿಯಮಾವಳಿಯೇ ವಿಆರ್‌ಆರ್‌ಪಿ. ಅದಕ್ಕಾಗಿ ಮೊದಲನೆಯದರಲ್ಲಿ ಬರೆಯುವ ಸಾಲುಗಳು ಇವು; 10 ಎಂಬುದು ಈ ಜೋಡಿಯ ಗುಂಪಿನ ಸಂಖ್ಯೆ.

ವಿಆರ್‌ಆರ್‌ಪಿ 10 ಐಪಿ 192.168.10.1
ರೂಟರ್‌ಗಳ ಸ್ವಂತ ವಿಳಾಸಗಳ ಕೊನೆಯಂಕಿ 2 ಮತ್ತು 3. ಈ 1 ಆ ಹೊತ್ತಿಗೆ ಹೊಣೆ ಹೊತ್ತದ್ದರ ಪಾಲು. ಕಂಪ್ಯೂಟರುಗಳು ಗೇಟ್‌ವೇ ಎಂದು ಬಲ್ಲದ್ದು ಇದೊಂದನ್ನೇ. ಜೊತೆಗೆ ಮ್ಯಾಕ್ ವಿಳಾಸವೂ ಒಂದೇ: 00-00-5ಇ-00-01-0ಎ. ಕೊನೆಯ 0ಎ ಎಂದರೆ ಹದಿನಾರರ ಎಣಿಕೆಯಲ್ಲಿ ಬರೆದ ನಮ್ಮ 10.

ವಿಆರ್‌ಆರ್‌ಪಿ 10 ಪ್ರಯಾರಿಟಿ 120
ಇನ್ನೊಂದರದು 100. ದೊಡ್ಡ ಸಂಖ್ಯೆಯದು ಯಜಮಾನ.

ವಿಆರ್‌ಆರ್‌ಪಿ 10 ಟೈಮರ್ಸ್ ಅಡ್ವರ್ಟೈಸ್ 1
ಯಜಮಾನ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುತ್ತದೆ. ಆ ದನಿ ನಿಂತರೆ ಎರಡನೆಯದು ಮೂರು ಸೆಕೆಂಡು, ಮೇಲೆ 156/256 ಸೆಕೆಂಡು (256ರಿಂದ ಅದರ 100 ಕಳೆದರೆ 156) ಕಾಯುತ್ತದೆ, ಸುಮಾರು 3.6 ಸೆಕೆಂಡಿಗೆ ಹೊಣೆ ಹೊರುತ್ತದೆ.

ವಿಆರ್‌ಆರ್‌ಪಿ 10 ಟ್ರ್ಯಾಕ್ 1 ಡಿಕ್ರಿಮೆಂಟ್ 30
ಎಡವಬಹುದಾದ ಜಾಗ ಇದು. ರೂಟರ್ ಚೆನ್ನಾಗಿದ್ದು ಹೊರಗಿನ ಫೈಬರ್ ಮಾತ್ರ ತುಂಡಾದರೆ, ಅದು ‘ಇದ್ದೇನೆ’ ಎನ್ನುತ್ತಲೇ ಇರುತ್ತದೆ. ಕಚೇರಿಯ ಸಂಚಾರವೆಲ್ಲ ಕುರುಡುದಾರಿಗೆ ಬೀಳುತ್ತದೆ. ಹೊರದಾರಿ ಸತ್ತಾಗ 30 ಕಳೆದರೆ ಉಳಿಯುವುದು 90, ಅಂದರೆ 100ಕ್ಕಿಂತ ಕಡಿಮೆ. 10 ಮಾತ್ರ ಕಳೆದರೆ 110 ಉಳಿದು ಹೊಣೆ ಕದಲುವುದೇ ಇಲ್ಲ. ಟ್ರ್ಯಾಕ್ 1 ಏನನ್ನು ಗಮನಿಸುತ್ತದೆ ಎಂಬುದೂ ಮುಖ್ಯ. ಪೋರ್ಟಿನ ದೀಪ ಉರಿಯುತ್ತಿದ್ದರೂ ಐವತ್ತು ಕಿಲೋಮೀಟರ್ ಆಚೆ ದಾರಿ ಕಡಿದಿರಬಹುದು. ಆದ್ದರಿಂದ ದೂರದ ಒಂದು ವಿಳಾಸ ಉತ್ತರಿಸುತ್ತಿದೆಯೇ ಎಂದು ನೋಡುವಂತೆ ಹೊಂದಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ವಿಆರ್‌ಆರ್‌ಪಿ 10 ಪ್ರೀಎಂಪ್ಟ್ ಡಿಲೇ ಮಿನಿಮಮ್ 60
ರಿಪೇರಿಯಾಗಿ ಎದ್ದ ರೂಟರ್‌ಗೆ ದಾರಿಗಳನ್ನು ಕಲಿಯಲು ಸಮಯ ಬೇಕು. ಒಂದು ನಿಮಿಷ ತಾಳಿ ಆಮೇಲೆ ಪಟ್ಟಕ್ಕೆ ಬರಲಿ.

ಇಷ್ಟು ಬರೆದರೂ ಯಂತ್ರದೊಳಗೆ ಬರೆಯಲಾಗದ ಸಾಲೊಂದು ಉಳಿಯುತ್ತದೆ. ಮೇ ತಿಂಗಳ ನಾಗಪುರದಲ್ಲಿ ಬಿಸಿಲು 45 ಡಿಗ್ರಿ ದಾಟುವುದುಂಟು. ಎರಡೂ ರೂಟರ್ ಒಂದೇ ಎಸಿ, ಒಂದೇ ಯುಪಿಎಸ್ ನಂಬಿದ್ದರೆ ಎರಡೂ ಒಟ್ಟಿಗೇ ಮಲಗುತ್ತವೆ. ಬೇರೆ ಕೋಣೆ, ಬೇರೆ ವಿದ್ಯುತ್ ಕೊಡಿ. ಎರಡು ಫೈಬರ್ ಒಂದೇ ಕಂದಕದಲ್ಲಿ ಬಂದಿದ್ದರೆ ಜೆಸಿಬಿಯ ಒಂದೇ ಏಟು ಸಾಕು. ಅವುಗಳ ದಾರಿಯ ನಕ್ಷೆ ಕೇಳಿ ಪಡೆದು, ರಸ್ತೆಯಲ್ಲಿ ನಡೆದೇ ನೋಡಿ.