ರಕ್ಕಸನಿಗೂ ಪರದೆ ಹಿಡಿದವರು

ದೊಡ್ಡಾಟದಲ್ಲಿ ರಕ್ಕಸನಿಗಿಂತ ಮೊದಲು ಅವನ ಕೂಗು ಬರುತ್ತದೆ. ಇಬ್ಬರು ಹಿಡಿದ ಪರದೆಯ ಹಿಂದೆ ಗೆಜ್ಜೆ ಸದ್ದು, ಮದ್ದಲೆಯ ಏರು. ಪರದೆಯಂಚಿನ ಮೇಲೆ ಕಿರೀಟದ ತುದಿಯಷ್ಟೇ ಕಾಣುತ್ತದೆ. ಮುಂದೆ ಕೂತ ಮಕ್ಕಳು ಅಜ್ಜಿಯ ಕೌದಿಯೊಳಗೆ ಸರಿಯುತ್ತಾರೆ. ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ, ಶೇಂಗಾ ಸುಗ್ಗಿ ಮುಗಿದ ಒಂದು ರಾತ್ರಿ, ನಾನು ಹೀಗೆ ಕಾದದ್ದು ದುರ್ಯೋಧನನಿಗಾಗಿ. ಬಂದಾಗ ಒಂದೂವರೆ ಗಂಟೆ. ಕನ್ನಡಿ ಚೂರು ಕೂರಿಸಿದ ಕಟ್ಟಿಗೆಯ ಎದೆಗಟ್ಟು, ಭುಜಕೀರ್ತಿ, ಕೆನ್ನೆಗೇರಿದ ಮೀಸೆ. ಹಗಲಲ್ಲಿ ಟ್ರ್ಯಾಕ್ಟರ್ ಹೊಡೆಯುವ ಆಳು. ಬಂದವನು ಗದೆ ಎತ್ತಲಿಲ್ಲ. ತಾವು ಯಾರು, ಯಾವ ರಾಜ್ಯ, ಏನು ಕಾರಣ ಈ ಸಭೆಗೆ ಬಂದಿರಿ ಎಂದು ಆಟ ನಡೆಸುವ ಸಾರಥಿ ಕೇಳಿದ. ದುರ್ಯೋಧನ ಅರ್ಧ ಗಂಟೆ ತನ್ನನ್ನು ತಾನೇ ಹೇಳಿಕೊಂಡ. ಧರ್ಮರಾಯ ಇದಕ್ಕೂ ಮೊದಲು ಬಂದು ಹೋಗಿದ್ದ. ಅವನಿಗೆ ಸಿಕ್ಕಿದ್ದು ಇದರ ಅರ್ಧವೂ ಅಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಒಂದೇ ಆಟದ ಸೀಮೆ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಬಳ್ಳಾರಿಗೆ ಮರಳಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಕೊಟ್ಟರು. ಆಟ ಕಲಿಸುವ ಮಾಸ್ತರರ ಓಡಾಟಕ್ಕೆ ಇದ್ಯಾವುದೂ ಅಡ್ಡ ಬಂದಿಲ್ಲ. ಮೂಡಲಪಾಯದ ಈ ಪರಂಪರೆಯನ್ನು ವೀರರಸದ ಆಟವೆಂದೋ ಅಬ್ಬರದ ಆಟವೆಂದೋ ಕರೆದು ಮುಗಿಸುವುದು ನಮ್ಮ ವಿಮರ್ಶೆಯ ರೂಢಿ. ನನಗೆ ಅದು ಬೇರೆಯೇ ಆಗಿ ಕಾಣುತ್ತದೆ. ಕೆಟ್ಟವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಕಲೆಯಲ್ಲಿ ಇದರಷ್ಟು ಪಳಗಿದ್ದು ನಮ್ಮಲ್ಲಿ ಇನ್ನೊಂದಿಲ್ಲ.

ಇದು ಹೊಳೆದದ್ದು ಕೊಟ್ಟೂರಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗನ ಮೊಬೈಲು ಇಣುಕುವಾಗ. ಅವನು ನೋಡುತ್ತಿದ್ದದ್ದು ಜಪಾನಿನ ‘ನರುಟೊ’. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ಬರೆದ ಚಿತ್ರಕಥೆಯ ಅನಿಮೆ ರೂಪ. ಇಟಾಚಿ ಎಂಬವನ ಕತೆಯನ್ನು ಹುಡುಗ ನನಗೆ ಹರಪನಹಳ್ಳಿ ಬರುವವರೆಗೂ ಹೇಳಿದ. ಒಂದೇ ರಾತ್ರಿಯಲ್ಲಿ ತನ್ನ ಕುಲವನ್ನೆಲ್ಲ ಕೊಂದವನು, ತಮ್ಮನೊಬ್ಬನನ್ನು ಮಾತ್ರ ಉಳಿಸಿದವನು. ಊರನ್ನು ಒಳಜಗಳದಿಂದ ಕಾಯಲು ಊರಿನ ಹಿರಿಯರೇ ಅವನಿಂದ ಅದನ್ನು ಮಾಡಿಸಿದ್ದರು ಎನ್ನುವುದು ತಮ್ಮನಿಗೆ ತಿಳಿಯುವುದು ಅಣ್ಣ ಸತ್ತ ಮೇಲೆ. “ಅವ ಕೆಟ್ಟವ ಅಲ್ರಿ ಸರ್, ಯಾರೂ ಅವನ್ನ ಕೇಳಲೇ ಇಲ್ಲ” ಅಂದ ಹುಡುಗ. ಮಾತು ಚೆನ್ನಾಗಿತ್ತು. ಆದರೆ ಅನಿಮೆಯವರು ಕೇಳುವ ಬಗೆ ಬೇರೆ. ಅವರು ಹಿನ್ನೋಟಕ್ಕೆ ಹೋಗುತ್ತಾರೆ. ಬಾಲ್ಯದ ಗಾಯ ತೋರಿಸುತ್ತಾರೆ, ಮುಚ್ಚಿಟ್ಟ ಸತ್ಯ ಬಿಚ್ಚುತ್ತಾರೆ. ನಮ್ಮ ಕಣ್ಣು ಒದ್ದೆಯಾಗುತ್ತದೆ, ಖಳ ಖಳನಾಗಿ ಉಳಿಯುವುದಿಲ್ಲ.

ನಮ್ಮಲ್ಲೂ ಈ ದಾರಿ ಇದೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕವನ್ನು ಈ ಸೀಮೆಯ ಜನ ಎಷ್ಟು ಸಲ ಆಡಿದ್ದಾರೋ ಲೆಕ್ಕವಿಲ್ಲ. ಅದರ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರ ಹೆಸರು ಮಾಡಿದರು. ಆದರೂ ಹಳ್ಳಿಯ ಗಂಡಸರು ಆಸೆಪಡುವ ಪಾತ್ರ ಶಕುನಿಯದು. ಅವನು ಕುಂಟುತ್ತ ಬಂದ ಕೂಡಲೇ ಜನ ನೆನೆಯುವುದು ವ್ಯಾಸಭಾರತದಲ್ಲಿಲ್ಲದ ಕತೆಯನ್ನು: ಕೌರವರ ಸೆರೆಯಲ್ಲಿ ಹಸಿದು ಸತ್ತ ಅಪ್ಪ, ಅಣ್ಣತಮ್ಮಂದಿರು; ಅಪ್ಪನ ಎಲುಬಿನಿಂದ ಮಾಡಿದ ದಾಳ. ಅಳಿಯಂದಿರ ಬಗಲಲ್ಲಿ ಕೂತು ಅವರ ಮನೆಯನ್ನೇ ಉರುಳಿಸಿದ ಸೋದರಮಾವ. ಇಟಾಚಿಯ ಕತೆ ಕೇಳಿದಾಗ ನನಗೆ ಮೊದಲು ನೆನಪಾದವನು ಇವನೇ. ಶಕುನಿ ಒಳ್ಳೆಯ ಪಾತ್ರ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಅವನ ಕಡೆಗಿಲ್ಲ. ಎಲುಬಿನ ದಾಳ ಸಿಕ್ಕ ಮೇಲೆ ಅವನು ಲೆಕ್ಕಕ್ಕೆ ಸಿಕ್ಕಿಬಿಡುತ್ತಾನೆ. ಇಂಥ ಏಟಿಗೆ ಇಂಥ ತಿರುಗೇಟು.

ದೊಡ್ಡಾಟದ ದುರ್ಯೋಧನ ಯಾವ ಲೆಕ್ಕವನ್ನೂ ಒಪ್ಪಿಸುವುದಿಲ್ಲ. ಅವನಿಗೆ ಗಾಯವಿಲ್ಲ, ನೆಪವಿಲ್ಲ, ಇರುವುದು ಛಲ. ಇದರ ಬೇರು ಹಳ್ಳಿಯ ಆಟಕ್ಕಿಂತ ಬಹಳ ಹಿಂದಿನದು. 941ರ ಸುಮಾರಿಗೆ ಭಾರತ ಬರೆದ ಪಂಪ ಕೊನೆಯಲ್ಲಿ ಒಬ್ಬೊಬ್ಬರ ಹಿರಿಮೆ ಎಣಿಸುವಾಗ ಛಲಕ್ಕೆಂದು ಆರಿಸಿದ್ದು ದುರ್ಯೋಧನನನ್ನು. ರನ್ನನದು ಇನ್ನೂ ವಿಚಿತ್ರ. ಅವನ ಒಡೆಯ ಚಾಲುಕ್ಯ ಸತ್ಯಾಶ್ರಯ. ಒಡೆಯನನ್ನು ಭೀಮನಿಗೆ ಸರಿಗಟ್ಟಿ ಹೊಗಳುವುದು ಕವಿಯ ಕೆಲಸ. ಕಾವ್ಯದ ಹೆಸರೇ ‘ಸಾಹಸಭೀಮ ವಿಜಯ’. ಆದರೆ ಬರೆಯುತ್ತ ಹೋದ ಹಾಗೆ ಕಾವ್ಯ ದುರ್ಯೋಧನನ ಕೈಗೆ ಹೋಗುತ್ತದೆ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಅರಸು, ದುಶ್ಶಾಸನನ ಹೆಣ, ಮಗ ಲಕ್ಷ್ಮಣನ ಹೆಣ, ಕರ್ಣನ ಹೆಣ. ಓದುವವನು ಭೀಮನನ್ನು ಮರೆತೇಬಿಡುತ್ತಾನೆ. ಜನ ಅದನ್ನು ‘ಗದಾಯುದ್ಧ’ ಎಂದೇ ಕರೆದರು. ಬಿ.ಎಂ.ಶ್ರೀ ಅದರಿಂದ ನಾಟಕ ಕಟ್ಟಿದಾಗಲೂ ಆರಿಸಿಕೊಂಡದ್ದು ಈ ದುರಂತವನ್ನೇ. ರನ್ನ ಅವನನ್ನು ನಿರಪರಾಧಿ ಎನ್ನಲಿಲ್ಲ. ದ್ರೌಪದಿಯ ಸೀರೆ ಸೆಳೆಸಿದವನು ಇವನೇ, ಅದನ್ನು ಮುಚ್ಚಲಿಲ್ಲ. ಅಪರಾಧವನ್ನು ಪೂರ್ತಿ ಹೊರಿಸಿ, ಆಮೇಲೆ ಅವನ ಪಕ್ಕದಲ್ಲಿ ನಡೆದ. ಅನಿಮೆಗೂ ಶಕುನಿಗೂ ಕೈಗೂಡದ ಕೆಲಸ ಇದು.

ಖಳನ ಮೇಲಿನ ಈ ಗೌರವ ಆಟದ ಅಟ್ಟಕ್ಕಷ್ಟೇ ಸೀಮಿತವಲ್ಲ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋಗಿ ನೋಡಿ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಆ ಜಾಗದ ಪುರಾಣ ಶಿವ ಮಾಡಿದ ಮಣಿ, ಮಲ್ಲ ಎಂಬ ಇಬ್ಬರು ಅಸುರರ ವಧೆಯದು. ಅದನ್ನು ಹೇಳುವ ಮಲ್ಲಾರಿ ಮಾಹಾತ್ಮ್ಯದಲ್ಲಿ ಮಲ್ಲ ಸಾಯುವಾಗ ಕೇಳುವ ವರ, ನಿನ್ನ ಹೆಸರಿನಲ್ಲಿ ನನ್ನ ಹೆಸರೂ ಇರಲಿ ಎಂದು. ಶಿವ ಒಪ್ಪಿ ಮಲ್ಲಾರಿಯಾದ. ಕೊಂದವನನ್ನು ಕರೆಯಬೇಕಾದರೆ ಸತ್ತವನ ಹೆಸರು ಮೊದಲು ಬಾಯಿಗೆ ಬರಬೇಕು. ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವ ಖಳನಿಗೆ ಸಿಕ್ಕಿದೆ?

ಹೊಗಳಿದ್ದಾಯಿತು. ಈ ಪರಂಪರೆಯ ಮೇಲೆ ನನ್ನದೊಂದು ದೊಡ್ಡ ತಕರಾರಿದೆ. ಈ ಔದಾರ್ಯವೆಲ್ಲ ಗಂಡಸಿಗೆ. ರಾವಣನಿಗೆ ಪರದೆ, ಕೀಚಕನಿಗೆ ಪರದೆ, ಬಾಣಾಸುರನಿಗೆ ಪರದೆ. ಶೂರ್ಪನಖಿ ಬಂದರೆ ನಗೆ. ಮೂಗು ಕೊಯ್ದಾಗ ಸಿಳ್ಳೆ ಬೀಳುತ್ತದೆ, ಅಷ್ಟೇ.

ಅದಕ್ಕಿಂತ ದೊಡ್ಡ ಅನ್ಯಾಯ ಕುಮಾರರಾಮನ ಮಲತಾಯಿ ರತ್ನಾಜಿಗೆ ಆಗಿದೆ. ಈ ಕತೆ ಹೊರಗಿನದಲ್ಲ, ರಾಮನ ಕುಮ್ಮಟದುರ್ಗ ತುಂಗಭದ್ರೆಯ ಆಚೆ ದಡದಲ್ಲಿದೆ. ಮಲಮಗನನ್ನು ಮೋಹಿಸಿದಳು, ಅವನು ಒಪ್ಪದಿದ್ದಾಗ ಚಾಡಿ ಹೇಳಿ ಅವನ ತಲೆ ತೆಗೆಯುವ ಆಜ್ಞೆ ಹೊರಡಿಸಿದಳು ಎನ್ನುವುದು ಅವಳ ಮೇಲಿನ ಆರೋಪ. ಆದರೆ ಕತೆಯ ಹಲವು ಪಾಠಗಳಲ್ಲಿ ಇನ್ನೊಂದು ಮಾತೂ ಇದೆ: ಅವಳನ್ನು ಮೊದಲು ನೋಡಿದ್ದು ರಾಮನಿಗೆಂದೇ. ಚೆಲುವೆಯೆಂದು ಕಂಡು ತಾನೇ ಕಟ್ಟಿಕೊಂಡವನು ರಾಮನ ಅಪ್ಪ, ಮುದುಕ ಕಂಪಿಲರಾಯ. ಹುಡುಗಿಗೆ ಗೊತ್ತುಮಾಡಿದ ಗಂಡು ಎದುರಿಗೇ ಚೆಂಡಾಡಿಕೊಂಡಿದ್ದಾನೆ, ಅವಳು ಅವನಿಗೆ ತಾಯಿಯಾಗಬೇಕು. ಈ ಸಂಕಟಕ್ಕೆ ಹಿನ್ನೋಟದ ಅಗತ್ಯವೇ ಇಲ್ಲ, ಕತೆಯ ನಡುಮನೆಯಲ್ಲೇ ಬಿದ್ದಿದೆ. ಆದರೂ ನಾನು ಕಂಡ ಆಟಗಳಲ್ಲಿ ರತ್ನಾಜಿ ನಾಲ್ಕು ಹೆಜ್ಜೆ ಕುಣಿದು, ಚೆಂಡು ಬಚ್ಚಿಟ್ಟು, ಚಾಡಿ ಹೇಳಿ ಒಳಗೆ ಹೋಗುತ್ತಾಳೆ. ಸಾರಥಿ ಅವಳನ್ನು ತಾವು ಯಾರು, ಏನು ಕಾರಣ ಬಂದಿರಿ ಎಂದು ಕೇಳುವುದು ರೂಢಿಗಾಗಿ ಮಾತ್ರ. ಕಂಪಿಲರಾಯನನ್ನಂತೂ ಯಾರೂ ಏನೂ ಕೇಳುವುದಿಲ್ಲ.

ಅವಳ ಅಪರಾಧವನ್ನು ತೊಳೆಯಿರಿ ಎಂದು ನಾನು ಹೇಳುತ್ತಿಲ್ಲ. ದುರ್ಯೋಧನನದನ್ನು ರನ್ನ ತೊಳೆದನೇ? ಈ ಐದು ತಾಲ್ಲೂಕುಗಳಲ್ಲಿ ಇನ್ನೂ ಪದ ಕಟ್ಟಿ, ಮಾತು ಬರೆದು ಆಟ ಕಲಿಸುವ ಮಾಸ್ತರರಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸುಗ್ಗಿಗೆ ಕುಮಾರರಾಮನ ಆಟ ಆಡಿಸುವುದಿದ್ದರೆ, ರತ್ನಾಜಿಗೂ ಇಬ್ಬರಿಂದ ಪರದೆ ಹಿಡಿಸಿ, ಅವಳಿಗೂ ಅರ್ಧ ಗಂಟೆ ಮಾತು ಬರೆದುಕೊಡಿ.