ಉಳಿಯ ಹದ

ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಲಾರಿಯೊಂದು ಸವೆಸಿ ಬಿಸುಟ ಸ್ಪ್ರಿಂಗಿನ ಪಟ್ಟಿಯು ಕುಲುಮೆಯ ಕೆಂಡದಲ್ಲಿ ಕೇಸರಿವರ್ಣವನ್ನು ತಳೆದು, ಅಡಿಗಲ್ಲಿನ ಮೇಲೆ ಸುತ್ತಿಗೆಯ ಪೆಟ್ಟಿಗೆ ಮಣಿದು, ಉಳಿಯಾಗಿ ಮೂಡಿಬರುವುದನ್ನು ಕಂಡವನಿಗೆ, ತನ್ನ ಉಪಕರಣವನ್ನು ತಾನೇ ನಿರ್ಮಿಸಿಕೊಳ್ಳುವ ಕಂಬಾರನ ವಿದ್ಯೆಯಲ್ಲಿ ಗೌರವವುಂಟಾಗದೆ ಇರದು.

ನಾನು ಮೈಮರೆತು ನಿಂತು ನೋಡಿದುದು ಹದ ಕೊಡುವ ಗಳಿಗೆಯನ್ನು. ಕಾದ ಉಳಿಯ ತುದಿಯನ್ನಷ್ಟೇ ನೀರಿನಲ್ಲಿ ಅದ್ದಿ ತೆಗೆದು, ಇಟ್ಟಿಗೆಯ ಚೂರಿನಿಂದ ಉಜ್ಜಿ ಹೊಳಪು ಬರಿಸಿ, ಮೈಯಲ್ಲಿ ಉಳಿದ ಕಾವು ತುದಿಯತ್ತ ಹರಿದುಬರುವುದನ್ನು ಆತ ಕಾಯುತ್ತಾನೆ. ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ಅನಂತರ ನೇರಳೆ, ಕಡೆಗೆ ನೀಲಿ. ಈ ವರ್ಣಗಳೆಲ್ಲ ಸುಮಾರು 220ರಿಂದ 300 ಡಿಗ್ರಿ ಸೆಲ್ಸಿಯಸ್ಸಿನೊಳಗೆ, ಕೆಲವೇ ಕ್ಷಣಗಳಲ್ಲಿ ಸರಿದುಹೋಗುತ್ತವೆ. ನೇರಳೆ ತುದಿಯನ್ನು ಮುಟ್ಟಿದೊಡನೆ ಮತ್ತೆ ನೀರು. ತಡವಾದರೆ ಬಾಯಿ ಮೆತ್ತಗಾಗಿ ಮಡಿಯುವುದು, ಅವಸರಿಸಿದರೆ ಸಿಡಿಯುವುದು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಗುಣವನ್ನು ಬಣ್ಣದಿಂದಲೇ ಅಳೆಯುವ ಕಣ್ಣೂ ಈ ಕಣ್ಣೂ ಒಡಹುಟ್ಟಿದವೆಂದೇ ನನ್ನ ಎಣಿಕೆ.

ಗೋಡೆಯಲ್ಲಿ ತೂಗುವ ಇಕ್ಕಳಗಳೂ ಅವನ ಕೈಯವೇ: ಪಟ್ಟಿಗೆ ಚಪ್ಪಟೆ ಬಾಯಿಯದು, ಸರಳಿಗೆ ದುಂಡುಬಾಯಿಯದು, ಕುಡಗೋಲಿಗೆ ಬಾಗಿದುದು. ಇವುಗಳಲ್ಲಿ ಒಂದನ್ನೂ ಆತ ಕೊಂಡು ತಂದುದಲ್ಲ.